ಚಳಿಗಾಲದಲ್ಲಿ ಬೈಕ್ ಚೈನ್‌ಗೆ ತುಕ್ಕು: ತೆಗೆಯುವುದು ಹೇಗೆ, ತಡೆಯುವುದು ಹೇಗೆ

ಚಳಿ ಶುರುವಾದರೆ ಸಾಕು, ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: "ಮೊನ್ನೆ ತಾನೇ ಚೈನ್‌ಗೆ ಎಣ್ಣೆ ಹಾಕಿದ್ದೆ, ಇವತ್ತು ನೋಡಿದರೆ ಕೆಂಪಗಾಗಿದೆ. ಚೈನ್ ಬದಲಿಸಬೇಕಾ?" ಬಹಳಷ್ಟು ಸಲ ಬೇಕಿಲ್ಲ. ಪ್ಲೇಟಿನ ಮೇಲೆ ಕಾಣುವ ಕಿತ್ತಳೆ ಬಣ್ಣದ ತುಕ್ಕನ್ನು ತೆಗೆಯುವುದು ಒಂದು ಸಂಜೆಯ ಕೆಲಸ. ಆದರೆ ಕೊಂಡಿಯ ಒಳಗೆ ಹೊಕ್ಕ ತುಕ್ಕಿಗೆ ಮದ್ದಿಲ್ಲ. ಯಾವುದು ಮೇಲಿನದು, ಯಾವುದು ಒಳಗಿನದು ಎಂದು ಗುರುತಿಸುವುದು ಗೊತ್ತಿದ್ದರೆ ಅರ್ಧ ಚಿಂತೆ ಅಲ್ಲೇ ಮುಗಿಯಿತು. ಉಳಿದರ್ಧ, ಚೈನ್ ಒದ್ದೆಯಾದ ದಿನವೇ ಅದನ್ನು ಒರೆಸಿ ಎಣ್ಣೆ ಹಾಕುವ ರೂಢಿ.

ಚಳಿಯಲ್ಲೇ ಯಾಕೆ ಜಾಸ್ತಿ?

ತುಕ್ಕು ಹಿಡಿಯಲು ಕಬ್ಬಿಣ, ಗಾಳಿ, ನೀರು ಮೂರೂ ಬೇಕು. ಮಳೆಗಾಲದಲ್ಲಿ ನೀರು ಕಣ್ಣಿಗೆ ಕಾಣುತ್ತದೆ, ಹಾಗಾಗಿ ನಾವೂ ಎಚ್ಚರವಾಗಿರುತ್ತೇವೆ. ಚಳಿಗಾಲದಲ್ಲಿ ಅದು ಸದ್ದಿಲ್ಲದೆ ಬರುತ್ತದೆ. ರಾತ್ರಿಯಿಡೀ ಚೈನ್ ತಣ್ಣಗಾಗಿರುತ್ತದೆ. ತೇವದ ಗಾಳಿ ತಾಗಿದ ಕೂಡಲೇ ಅದರ ಮೇಲೆ ಸಣ್ಣ ಸಣ್ಣ ಹನಿ ಕಟ್ಟುತ್ತದೆ. ಹೊರಗಿನ ಚಳಿಯಿಂದ ಬೈಕನ್ನು ಬೆಚ್ಚಗಿನ ಶೆಡ್ಡಿನೊಳಗೆ ತಂದಾಗಲೂ ಹೀಗೇ. ಬಿಸಿಲು ಬಲವಾಗಿಲ್ಲದ ಕಾರಣ ಆ ಹನಿ ಬೇಗ ಆರುವುದೂ ಇಲ್ಲ.

ಹಿಮ ಬೀಳುವ ಕಡೆ ಇದರ ಜೊತೆಗೆ ಉಪ್ಪು ಸೇರುತ್ತದೆ. ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪು ನೀರಿನ ಜೊತೆ ಎರಚಿ ಚೈನ್ ಮೇಲೆ ಕೂರುತ್ತದೆ. ಗಾಳಿಯ ತೇವಾಂಶ ಶೇ. 75 ದಾಟಿದರೆ ಸಾದಾ ಉಪ್ಪು ತಾನೇ ಗಾಳಿಯಿಂದ ನೀರೆಳೆದುಕೊಂಡು ಕರಗುತ್ತದೆ. ರಸ್ತೆಗೆ ಹಾಕುವ ಇನ್ನೊಂದು ಉಪ್ಪಾದ ಕ್ಯಾಲ್ಸಿಯಂ ಕ್ಲೋರೈಡ್‌ಗೆ ಅಷ್ಟು ತೇವವೂ ಬೇಕಿಲ್ಲ. ಹಾಗಾಗಿ ಒಣಗಿದಂತೆ ಕಾಣುವ ಚೈನ್ ಮೇಲೂ ತೆಳುವಾದ ಉಪ್ಪುನೀರಿನ ಪದರ ಇರಬಹುದು. ಉಪ್ಪು ಮೆತ್ತಿದ ಬೈಕನ್ನು ಬೆಚ್ಚಗಿನ ಜಾಗದಲ್ಲಿ ನಿಲ್ಲಿಸಿದರೆ, ಹೊರಗೆ ಕೊರೆಯುವ ಚಳಿಯಲ್ಲಿ ನಿಲ್ಲಿಸಿದ್ದಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ, ಏಕೆಂದರೆ ಬಿಸಿ ಹೆಚ್ಚಿದಷ್ಟೂ ತುಕ್ಕಿನ ಕೆಲಸ ಚುರುಕಾಗುತ್ತದೆ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಒಳಗೆ ನಿಲ್ಲಿಸುವವರು ಮೊದಲು ಉಪ್ಪು ತೊಳೆಯಲೇಬೇಕು.

"ಸ್ವಲ್ಪ ತುಕ್ಕು ತಾನೇ, ಇರಲಿ ಬಿಡಿ" ಅಂದುಕೊಳ್ಳಬೇಡಿ. ಅಲ್ಯೂಮಿನಿಯಂ ಮೇಲೆ ಕಟ್ಟುವ ಪದರ ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಉಬ್ಬುತ್ತದೆ, ಪದರ ಪದರವಾಗಿ ಉದುರುತ್ತದೆ, ಸ್ಪಂಜಿನಂತೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೆಳಗೆ ಹೊಸ ಲೋಹ ಮತ್ತೆ ತೇವಕ್ಕೆ ಸಿಗುತ್ತದೆ.

ನಿಮ್ಮ ಬೈಕಿನದು ಯಾವ ಚೈನ್?

ಚೈನಿನ ಪ್ರತಿ ಕೊಂಡಿಯಲ್ಲೂ ಎರಡು ಬದಿಗೆ ಪ್ಲೇಟುಗಳು, ಅವನ್ನು ಜೋಡಿಸುವ ಪಿನ್, ಪಿನ್ನಿನ ಸುತ್ತ ಬುಷ್ ಎಂಬ ಸಣ್ಣ ಕೊಳವೆ, ಅದರ ಮೇಲೆ ತಿರುಗುವ ರೋಲರ್ ಇರುತ್ತವೆ. ಸ್ಪ್ರಾಕೆಟ್, ಅಂದರೆ ಹಲ್ಲಿನ ಚಕ್ರ, ತಾಗುವುದು ರೋಲರ್‌ಗೆ. ಆದರೆ ಚೈನ್ ಮಡಚಿ ಬಿಚ್ಚಿಕೊಳ್ಳುವಾಗ ನಿಜವಾದ ಉಜ್ಜಾಟ ನಡೆಯುವುದು ಪಿನ್ ಮತ್ತು ಬುಷ್ ನಡುವೆ.

ಈಗಿನ ಅನೇಕ ಬೈಕುಗಳಲ್ಲಿರುವುದು ಓ ರಿಂಗ್ ಚೈನ್. ಕಾರ್ಖಾನೆಯಲ್ಲೇ ಪಿನ್ ಸುತ್ತ ಗ್ರೀಸ್ ತುಂಬಿ, ಅದು ಹೊರಬಾರದಂತೆ ಒಳಪ್ಲೇಟು ಹೊರಪ್ಲೇಟಿನ ನಡುವೆ ರಬ್ಬರ್ ಉಂಗುರ ಕೂರಿಸಿರುತ್ತಾರೆ. ಎಕ್ಸ್ ರಿಂಗ್ ಅಂದರೂ ಕೆಲಸ ಇದೇ, ಉಂಗುರದ ಆಕಾರ ಮಾತ್ರ ಬೇರೆ. ಈ ಉಂಗುರ ಹರಿದರೆ ಒಳಗಿನ ಗ್ರೀಸ್ ಹೋಯಿತು ಅಂತಲೇ ಲೆಕ್ಕ. ಹೊರಗಿಂದ ಎಷ್ಟು ಲ್ಯೂಬ್, ಅಂದರೆ ಚೈನ್‌ಗೆಂದೇ ಸಿಗುವ ಎಣ್ಣೆ, ಹೊಡೆದರೂ ಅದನ್ನು ಮತ್ತೆ ತುಂಬಲು ಆಗುವುದಿಲ್ಲ. ನಾವು ಹೊರಗೆ ಹಾಕುವ ಎಣ್ಣೆ ರೋಲರ್ ಸವೆಯದಿರಲಿ, ರಬ್ಬರ್ ಒಣಗದಿರಲಿ, ಪ್ಲೇಟಿಗೆ ತುಕ್ಕು ಬಾರದಿರಲಿ ಎಂದಷ್ಟೇ.

ಟಾರ್ಚ್ ಹಿಡಿದು ಪ್ಲೇಟುಗಳ ಸಂದಿಯನ್ನು ಮೇಲಿನಿಂದ ನೋಡಿ. ಕಪ್ಪು ರಬ್ಬರಿನ ಅಂಚು ಕಂಡರೆ ಅದು ರಿಂಗ್ ಇರುವ ಚೈನ್. ಕಾಣದಿದ್ದರೆ ಸಾದಾ ಚೈನ್. ಸಾದಾ ಚೈನಿನಲ್ಲಿ ಎಣ್ಣೆ ಪಿನ್ನಿನವರೆಗೂ ಇಳಿಯಬೇಕು, ಹಾಗಾಗಿ ಅದಕ್ಕೆ ಎಣ್ಣೆ ಇನ್ನೂ ಬೇಗ ಬೇಗ ಬೇಕು. ಸಣ್ಣ ಬೈಕುಗಳಲ್ಲಿ ಇದು ಪೂರ್ತಿ ಮುಚ್ಚಿದ ಕವರ್ ಒಳಗೆ ಇರುವುದುಂಟು. ಕವರ್ ನೀರನ್ನು ತಡೆಯುತ್ತದೆ, ನಿಜ. ಆದರೆ ಒಳಗೆ ಹೋದ ತೇವವನ್ನೂ ಹೊರಗೆ ಬಿಡುವುದಿಲ್ಲ. ಚಳಿಗಾಲಕ್ಕೆ ಮುಂಚೆ ಒಮ್ಮೆ ಕವರ್ ಬಿಚ್ಚಿಸಿ ನೋಡಿ.

ಮೊದಲು ನೋಡಿ, ಆಮೇಲೆ ಕೈ ಹಾಕಿ

ಉಜ್ಜಲು ಶುರುಮಾಡುವ ಮುಂಚೆ ಹಿಂದಿನ ಚಕ್ರವನ್ನು ನಿಧಾನವಾಗಿ ಕೈಯಲ್ಲಿ ತಿರುಗಿಸುತ್ತಾ ಪೂರ್ತಿ ಚೈನ್ ನೋಡಿ. ಪ್ಲೇಟಿನ ಹೊರಮೈ ಮೇಲೆ ಮಾತ್ರ ತೆಳುವಾದ ಕಿತ್ತಳೆ ಬಣ್ಣ, ಬಟ್ಟೆಯಲ್ಲಿ ಒರೆಸಿದರೆ ಬರುತ್ತದೆ ಅಂದರೆ ಭಯ ಬೇಡ. ರೋಲರ್ ಮೇಲೆ ಬಣ್ಣ ಬಂದಿದ್ದರೂ ಅದು ಬೆರಳಿಗೆ ಸಲೀಸಾಗಿ ತಿರುಗುತ್ತಿದ್ದರೆ, ಮೈ ನುಣುಪಾಗಿದ್ದರೆ ಉಳಿಸಿಕೊಳ್ಳಬಹುದು.

ಹೆದರಬೇಕಾದದ್ದು ಸಂದಿಯಿಂದ ಬರುವ ಪುಡಿಗೆ. ಒಳಪ್ಲೇಟು ಮತ್ತು ಹೊರಪ್ಲೇಟಿನ ನಡುವಿನಿಂದ ಇಟ್ಟಿಗೆ ಬಣ್ಣದ ನಯವಾದ ಪುಡಿ ಪಿನ್ನಿನ ಸುತ್ತ ಬಳೆಯ ಹಾಗೆ ಕೂತಿರುತ್ತದೆ. ಒರೆಸಿ, ಎಣ್ಣೆ ಹಾಕಿ, ಸ್ವಲ್ಪ ದೂರ ಓಡಿಸಿ ಬಂದು ನೋಡಿದರೆ ಅದೇ ಕೊಂಡಿಯಲ್ಲಿ ಮತ್ತೆ ಪುಡಿ. ಅಲ್ಲಿ ರಿಂಗ್ ಹೋಗಿದೆ, ಗ್ರೀಸ್ ಆರಿದೆ, ಪಿನ್ ಒಳಗೇ ತುಕ್ಕು ಹಿಡಿದು ಸವೆಯುತ್ತಿದೆ ಎಂದರ್ಥ. ಒಂದೇ ಕೊಂಡಿಯಲ್ಲಿ ಹೀಗಾಗಿದ್ದರೂ ಚೈನ್ ಬದಲಿಸುವ ಯೋಚನೆ ಮಾಡಿ.

ಬಿಗಿದ ಕೊಂಡಿಗಳನ್ನು ಹುಡುಕುವುದು ಸುಲಭ. ಚಕ್ರವನ್ನು ಹಿಂದಕ್ಕೆ ತಿರುಗಿಸಿ, ಹಿಂದಿನ ಸ್ಪ್ರಾಕೆಟ್‌ನ ತಳಭಾಗದಿಂದ ಚೈನ್ ಬಿಟ್ಟುಕೊಳ್ಳುವ ಜಾಗ ನೋಡುತ್ತಿರಿ. ಆರೋಗ್ಯವಾಗಿರುವ ಕೊಂಡಿ ಅಲ್ಲಿ ನೆಟ್ಟಗಾಗುತ್ತದೆ. ಬಿಗಿದದ್ದು ಮಡಚಿಕೊಂಡೇ ಮುಂದೆ ಹೋಗುತ್ತದೆ.

ಇನ್ನು ಸವೆತ. ಹಿಂದಿನ ಸ್ಪ್ರಾಕೆಟ್‌ನ ಹಿಂಬದಿಯಲ್ಲಿ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ತುಕ್ಕು ತೆಗೆಯುವ ಶ್ರಮವೇ ದಂಡ. ಸರಿಯಾಗಿ ಅಳೆಯಬೇಕೆಂದರೆ ಪ್ಲೇಟಿನ ಮೇಲಿರುವ ನಂಬರ್ ನೋಡಿ. 428 ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ ಮುಂದಿನದರ ನಡುವಿಗೆ 12.7 ಮಿ.ಮೀ. ಇರುತ್ತದೆ. 520, 525, 530 ಚೈನುಗಳಲ್ಲಿ 15.875 ಮಿ.ಮೀ. ಅಂದರೆ ಹೊಸ ಚೈನಿನ 20 ಕೊಂಡಿ ಮೊದಲನೆಯದರಲ್ಲಿ 254 ಮಿ.ಮೀ., ಎರಡನೆಯ ಗುಂಪಿನಲ್ಲಿ 317.5 ಮಿ.ಮೀ. ಚೈನನ್ನು ಬಿಗಿಯಾಗಿ ಹಿಡಿದು 21 ಪಿನ್ ಎಣಿಸಿ ಅಳೆಯಿರಿ. ಎರಡೂವರೆ ಮೂರು ಮಿ.ಮೀ. ಉದ್ದವಾಗಿದ್ದರೆ ಶೇ. 1ರಷ್ಟು ಸವೆದಿದೆ, ಹೊಸದರ ಬಗ್ಗೆ ಯೋಚಿಸುವ ಹೊತ್ತು. ನಿಮ್ಮ ಬೈಕಿನ ಕೈಪಿಡಿಯಲ್ಲಿ ಮಿತಿ ಕೊಟ್ಟಿದ್ದರೆ ಅದೇ ಕೊನೆಯ ಮಾತು.

ಬೇಕಾಗುವ ಸಾಮಾನು

ಸೀಮೆಎಣ್ಣೆ, ಇಲ್ಲವೇ ಓ ರಿಂಗ್‌ಗೆ ತೊಂದರೆಯಿಲ್ಲ ಎಂದು ಡಬ್ಬಿಯ ಮೇಲೆ ಬರೆದಿರುವ ಚೈನ್ ಕ್ಲೀನರ್. ಮೆತ್ತನೆಯ ನೈಲಾನ್ ಬ್ರಷ್, ಹಳೇ ಟೂತ್ ಬ್ರಷ್ ಆದರೂ ನಡೆಯುತ್ತದೆ. ಸಾಕಷ್ಟು ಹಳೇ ಹತ್ತಿ ಬಟ್ಟೆ. ಚೈನ್ ಲ್ಯೂಬ್, ಅಥವಾ 80ಡಬ್ಲ್ಯೂ-90 ಗೇರ್ ಆಯಿಲ್. ಕೈಗವಸು, ಒಂದು ರಟ್ಟಿನ ತುಂಡು, ಕೆಳಗಿಡಲು ತಟ್ಟೆ. ಹಿಂದಿನ ಚಕ್ರವನ್ನು ಎತ್ತಿ ನಿಲ್ಲಿಸುವ ಸ್ಟ್ಯಾಂಡ್.

ಬೇಡವಾದವು ಇನ್ನೂ ಮುಖ್ಯ. ಪೆಟ್ರೋಲ್, ಥಿನ್ನರ್, ಬ್ರೇಕ್ ಕ್ಲೀನರ್ ರಬ್ಬರ್ ಉಂಗುರವನ್ನು ಹಾಳು ಮಾಡುತ್ತವೆ. ತಂತಿ ಬ್ರಷ್ ಅದನ್ನು ಹರಿಯುತ್ತದೆ. ವಿನೆಗರ್ ಅಥವಾ ತುಕ್ಕು ತೆಗೆಯುವ ಆಸಿಡ್‌ನಲ್ಲಿ ನೆನೆಸಿದರೆ ಥಳಥಳ ಹೊಳೆಯುತ್ತದೆ ಎಂದು ಕೆಲವರು ಹೇಳುತ್ತಾರೆ. ದಯವಿಟ್ಟು ಮಾಡಬೇಡಿ. ಚೈನಿನದು ಕಾಯಿಸಿ ಗಟ್ಟಿ ಮಾಡಿದ ಉಕ್ಕು. ಆಸಿಡ್ ತಾಗಿದಾಗ ಹುಟ್ಟುವ ಹೈಡ್ರೋಜನ್ ಅಂಥ ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡಬಲ್ಲದು. ಹೊರಗೆ ಹೊಳೆಯುವ ಪ್ಲೇಟು ಓಡುವಾಗ ಸೀಳಬಹುದು.

ಹಂತ 1: ಎಂಜಿನ್ ಆಫ್, ಕೀ ಜೇಬಿಗೆ

ಬೈಕನ್ನು ಸಮನಾದ ನೆಲದಲ್ಲಿ ಎತ್ತಿ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಕೀ ತೆಗೆದಿಡಿ. ಚಕ್ರವನ್ನು ಕೈಯಿಂದಲೇ ತಿರುಗಿಸಿ. ಎಂಜಿನ್ ಚಾಲೂ ಮಾಡಿ ಗೇರ್ ಹಾಕಿ ಚೈನ್ ತಾನೇ ಓಡುವಾಗ ಬಟ್ಟೆ ಹಿಡಿಯುವುದನ್ನು ಎಷ್ಟೋ ಕಡೆ ನೋಡಿರುತ್ತೀರಿ. ಬಟ್ಟೆ ಸ್ಪ್ರಾಕೆಟ್‌ಗೆ ಸಿಕ್ಕಿದರೆ ಜೊತೆಗೆ ಬೆರಳೂ ಹೋಗುತ್ತದೆ. ಕೈ ಎಳೆದುಕೊಳ್ಳುವಷ್ಟು ಸಮಯ ಇರುವುದಿಲ್ಲ.

ಕೈಯಿಂದ ತಿರುಗಿಸುವಾಗಲೂ ಒಂದು ಕ್ರಮ ಇದೆ. ಕೆಳಗಿನ ಸಾಲಿನ ಚೈನ್ ಮೇಲೆ, ಹಿಂದಿನ ಸ್ಪ್ರಾಕೆಟ್ ಹತ್ತಿರ ಬಟ್ಟೆ ಹಿಡಿಯಿರಿ, ಚಕ್ರವನ್ನು ಹಿಂದಕ್ಕೆ ತಿರುಗಿಸಿ. ಆಗ ಚೈನ್ ಸ್ಪ್ರಾಕೆಟ್‌ನಿಂದ ದೂರ ಹೋಗುತ್ತದೆ. ಮುಂದಕ್ಕೆ ತಿರುಗಿಸಿದರೆ ಬಟ್ಟೆಯನ್ನು ಹಲ್ಲಿನ ಕಡೆಗೇ ಎಳೆಯುತ್ತದೆ.

ಹಂತ 2: ಉಪ್ಪು, ಕೆಸರು ತೊಳೆಯಿರಿ

ಉಪ್ಪು ಸೀಮೆಎಣ್ಣೆಯಲ್ಲಿ ಕರಗುವುದಿಲ್ಲ. ಹಾಗಾಗಿ ಉಪ್ಪು ಬಿದ್ದ ರಸ್ತೆಯಲ್ಲಿ ಓಡಿಸಿದ್ದರೆ ಮೊದಲು ನೀರು ಬೇಕೇ ಬೇಕು. ಪೈಪಿನಿಂದ ಮೆಲ್ಲಗೆ ಹರಿಸಿ. ತಣ್ಣೀರು ಸಾಕು. ಪ್ರೆಷರ್ ವಾಷರ್ ಬೇಡ, ಅದು ರಿಂಗ್ ದಾಟಿಸಿ ನೀರನ್ನು ಒಳಗೆ ತಳ್ಳುತ್ತದೆ. ಉಪ್ಪೂ ಇಲ್ಲ, ಕೆಸರೂ ಇಲ್ಲ ಅಂದರೆ ಸುಮ್ನೆ ನೀರು ಹಾಕಬೇಡಿ, ನೇರ ಮುಂದಿನ ಹಂತಕ್ಕೆ ಹೋಗಿ.

ಹಂತ 3: ಹಳೇ ಎಣ್ಣೆ, ಕಪ್ಪು ಜಿಡ್ಡು ತೆಗೆಯಿರಿ

ಎಣ್ಣೆಗೆ ಧೂಳು ಸೇರಿ ಆಗುವ ಕಪ್ಪು ಜಿಡ್ಡು ರೋಲರ್ ಮತ್ತು ಹಲ್ಲುಗಳನ್ನು ಅರೆಯುತ್ತದೆ, ತೇವವನ್ನೂ ಅಡಗಿಸಿಟ್ಟುಕೊಳ್ಳುತ್ತದೆ. ಕೆಳಗೆ ತಟ್ಟೆ ಇಡಿ. ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒಂದು ಗೇಣು ಚೈನ್ ಉಜ್ಜಿ, ಒರೆಸಿ, ಮುಂದಕ್ಕೆ ಹೋಗಿ. ಒಳಬದಿ, ಹೊರಬದಿ, ಮೇಲೆ, ಕೆಳಗೆ ನಾಲ್ಕೂ ಕಡೆ. ಹೆಚ್ಚಿನವರು ಕಾಣುವ ಹೊರಬದಿಯನ್ನಷ್ಟೇ ಹೊಳೆಯಿಸಿ ಚಕ್ರದ ಕಡೆಗಿನ ಬದಿಯನ್ನು ಬಿಟ್ಟುಬಿಡುತ್ತಾರೆ. ತುಕ್ಕು ಶುರುವಾಗುವುದು ಅಲ್ಲೇ.

ಚೈನ್ ಬಿಚ್ಚಿ ರಾತ್ರಿಯಿಡೀ ಸೀಮೆಎಣ್ಣೆಯಲ್ಲಿ ಮುಳುಗಿಸಿಡುವುದು ರಿಂಗ್ ಇರುವ ಚೈನ್‌ಗೆ ಸಲ್ಲದು. ಹತ್ತಿರ ಬೆಂಕಿ, ಬೀಡಿ ಸಿಗರೇಟು ಏನೂ ಇರಬಾರದು. ಕೊಳೆಯಾದ ಸೀಮೆಎಣ್ಣೆಯನ್ನು ಚರಂಡಿಗೆ ಸುರಿಯದೆ ಡಬ್ಬಿಯಲ್ಲಿ ತುಂಬಿಟ್ಟು, ಹಳೇ ಎಂಜಿನ್ ಆಯಿಲ್ ತೆಗೆದುಕೊಳ್ಳುವ ಕಡೆ ಕೊಡಿ.

ಹಂತ 4: ತುಕ್ಕು ಬಿಡಿಸಿ

ಜಿಡ್ಡು ಹೋದ ಮೇಲೆ ತುಕ್ಕಿನ ನಿಜವಾದ ಮುಖ ಕಾಣುತ್ತದೆ. ತುಕ್ಕಿರುವ ಕಡೆ ಗೇರ್ ಆಯಿಲ್ ಸವರಿ ಸ್ವಲ್ಪ ಹೊತ್ತು ಬಿಡಿ. ನಂತರ ನೈಲಾನ್ ಬ್ರಷ್ಷಿನಿಂದ ಉಜ್ಜಿ. ಕೆಂಪು ಬಣ್ಣದ ಎಣ್ಣೆ ಬಟ್ಟೆಗೆ ಬರುತ್ತದೆ. ಬಣ್ಣ ತಿಳಿಯಾಗುವ ತನಕ ಇದನ್ನೇ ಮತ್ತೆ ಮಾಡಿ. ಹೊರಪ್ಲೇಟಿನ ಚಪ್ಪಟೆ ಮೈ ಮೇಲೆ ಹಟ ಹಿಡಿದ ಕಲೆಗೆ ಪಾತ್ರೆ ಉಜ್ಜುವ ನೈಲಾನ್ ಪ್ಯಾಡ್ ಬಳಸಬಹುದು. ಆದರೆ ರಿಂಗ್ ಇರುವ ಸಂದಿಗೆ ಅದನ್ನು ತರಬೇಡಿ.

ಬಿಗಿದ ಕೊಂಡಿಗೆ ಎರಡು ಹನಿ ಎಣ್ಣೆ ಬಿಟ್ಟು, ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ನಿಧಾನವಾಗಿ ಮಡಚಿ ಬಿಡಿಸಿ. ಸುತ್ತಿಗೆ ಏಟು ಬೇಡ. ಸಡಿಲವಾಗಿ, ಮರುದಿನವೂ ಸಡಿಲವಾಗೇ ಇದ್ದರೆ ಬಚಾವ್. ಮತ್ತೆ ಬಿಗಿದುಕೊಂಡರೆ ತುಕ್ಕು ಒಳಗಿದೆ.

ಪ್ಲೇಟು ಹೊಸದರ ಹಾಗೆ ಹೊಳೆಯಬೇಕೆಂದು ಹೊರಡಬೇಡಿ. ಮಾಸಲು ಕಲೆ ಉಳಿದರೆ ಉಳಿಯಲಿ. ಪುಡಿ ಬರುತ್ತಿಲ್ಲ, ಕೊಂಡಿ ಸಲೀಸಾಗಿದೆ ಅಂದರೆ ಸಾಕು. ಮಿತಿ ಮೀರಿ ಉಜ್ಜಿ ಪ್ಲೇಟಿನ ಮೇಲಿರುವ ಲೇಪವನ್ನು ಕಳೆದರೆ ಮುಂದಿನ ತುಕ್ಕಿಗೆ ನಾವೇ ಬಾಗಿಲು ತೆಗೆದಂತೆ.

ಹಂತ 5: ಒಣಗಿಸಿ

ಅವಸರದಲ್ಲಿ ಎಲ್ಲರೂ ಎಡವುವುದು ಇಲ್ಲೇ. ಒದ್ದೆ ಚೈನ್ ಮೇಲೆ ಲ್ಯೂಬ್ ಹೊಡೆದರೆ ನೀರು ಎಣ್ಣೆಯ ಕೆಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಒಣ ಬಟ್ಟೆಯಲ್ಲಿ ಚೈನನ್ನು ಹಿಡಿದು ಒತ್ತಿ ಒರೆಸಿ, ಚಕ್ರ ತಿರುಗಿಸಿ, ಇನ್ನೊಂದು ಒಣ ಬಟ್ಟೆಯಲ್ಲಿ ಮತ್ತೆ ಒರೆಸಿ. ಆಮೇಲೆ ಗಾಳಿಗೆ ಬಿಡಿ.

ನೀರನ್ನು ಹೊರಗೆ ತಳ್ಳುವ ಡಬ್ಲ್ಯೂಡಿ-40 ತರಹದ ಸ್ಪ್ರೇ ಹೊಡೆಯಬಹುದಾ? ಒಣಗಿಸಲು ತೆಳುವಾಗಿ, ಬಟ್ಟೆಗೆ ಹಾಕಿ ಒರೆಸಲು ಅಡ್ಡಿಯಿಲ್ಲ. ಆದರೆ ಆ ತೆಳು ಎಣ್ಣೆ ಚೈನಿನ ಒತ್ತಡವನ್ನು ತಡೆಯುವುದಿಲ್ಲ, ಬೇಗ ಹಾರಿಹೋಗುತ್ತದೆ. ಅದನ್ನೇ ಲ್ಯೂಬ್ ಅಂದುಕೊಂಡು ಬಿಟ್ಟರೆ ಕೆಲವೇ ದಿನಗಳಲ್ಲಿ ಮತ್ತೆ ಕೆಂಪು.

ಹಂತ 6: ಎಣ್ಣೆ ಹಾಕಿ, ಕಾಯಿರಿ

ಚೈನ್ ಸ್ವಲ್ಪ ಬೆಚ್ಚಗಿದ್ದರೆ ಎಣ್ಣೆ ಚೆನ್ನಾಗಿ ಇಳಿಯುತ್ತದೆ. ಒಣಗಿದ ಮೇಲೆ ಒಂದು ಸಣ್ಣ ಸುತ್ತು ಹೋಗಿ ಬಂದರೆ ಒಳ್ಳೆಯದು. ಟೈರ್ ಮತ್ತು ಬ್ರೇಕಿಗೆ ಎರಚದಂತೆ ಚೈನ್ ಹಿಂದೆ ರಟ್ಟು ಹಿಡಿಯಿರಿ. ಹಿಂದಿನ ಡಿಸ್ಕ್ ಮೇಲೆ ಲ್ಯೂಬ್ ಬಿದ್ದರೆ ಬ್ರೇಕ್ ಹಿಡಿಯುವುದಿಲ್ಲ. ಬಿದ್ದುಬಿಟ್ಟರೆ ಓಡಿಸುವ ಮುಂಚೆ ಡಿಸ್ಕನ್ನು ಬ್ರೇಕ್ ಕ್ಲೀನರ್ ಹಾಕಿದ ಬಟ್ಟೆಯಿಂದ ಒರೆಸಿ. ಪ್ಯಾಡ್‌ಗೂ ತಾಗಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ.

ಸ್ಪ್ರೇ ಮಾಡಬೇಕಾದ್ದು ಕೆಳಗಿನ ಸಾಲಿನ ಒಳಮೈಗೆ, ಅಂದರೆ ಹಲ್ಲು ತಾಗುವ ಬದಿಗೆ. ಚಕ್ರ ತಿರುಗುವಾಗ ಎಣ್ಣೆ ತಾನೇ ಹೊರಕ್ಕೆ ಹರಡುತ್ತದೆ. ಮೊದಲು ಎಡಬದಿಯ ಪ್ಲೇಟುಗಳ ಸಂದಿಗೆ ಒಂದು ಸುತ್ತು, ನಂತರ ಬಲಬದಿಯದಕ್ಕೆ ಒಂದು ಸುತ್ತು, ಕೊನೆಗೆ ನಡುವಿನ ರೋಲರ್‌ಗೆ ಒಂದು. ಗೇರ್ ಆಯಿಲ್ ಆದರೆ ಸಣ್ಣ ಬಾಟಲಿಯಿಂದ ಹನಿ ಹನಿಯಾಗಿ ಇದೇ ಜಾಗಗಳಿಗೆ. ಹೊರಪ್ಲೇಟಿನ ಮುಖಕ್ಕೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಒಮ್ಮೆ ಸವರಿ. ತುಕ್ಕು ತಡೆಯಲು ಅಷ್ಟು ಸಾಕು.

ಕನಿಷ್ಠ ಅರ್ಧ ಗಂಟೆ ಬಿಡಿ, ರಾತ್ರಿಯಿಡೀ ಬಿಟ್ಟರೆ ಇನ್ನೂ ವಾಸಿ. ಹೊಡೆದ ಕೂಡಲೇ ಓಡಿಸಿದರೆ ಅರ್ಧ ಲ್ಯೂಬ್ ಚಕ್ರದ ಮೇಲೆ. ಹೊರಡುವ ಮುಂಚೆ ಮೇಲೆ ನಿಂತ ಎಣ್ಣೆಯನ್ನು ಒರೆಸಿ.

ಹಂತ 7: ಸಡಿಲ ನೋಡಿ

ಕೆಳಗಿನ ಸಾಲಿನ ನಡುವೆ ಚೈನನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ. ಎಷ್ಟು ಆಡಬೇಕು ಎಂಬ ಅಳತೆ ಕೈಪಿಡಿಯಲ್ಲಿ ಅಥವಾ ಸ್ವಿಂಗ್ ಆರ್ಮ್ ಮೇಲಿನ ಸ್ಟಿಕರ್‌ನಲ್ಲಿರುತ್ತದೆ. ಸ್ವಿಂಗ್ ಆರ್ಮ್ ಅಂದರೆ ಹಿಂದಿನ ಚಕ್ರ ಹಿಡಿದಿರುವ ತೋಳು. ಅನೇಕ ಬೈಕುಗಳಲ್ಲಿ 20ರಿಂದ 30 ಮಿ.ಮೀ. ಇರುತ್ತದೆ, ಎತ್ತರದ ಆಫ್‌ರೋಡ್ ಬೈಕುಗಳಲ್ಲಿ ಇದಕ್ಕಿಂತ ಜಾಸ್ತಿ. ಚಕ್ರ ತಿರುಗಿಸಿ ಮೂರ್ನಾಲ್ಕು ಕಡೆ ನೋಡಿ, ಎಲ್ಲಕ್ಕಿಂತ ಬಿಗಿ ಇರುವ ಕಡೆಯೇ ಅಳೆಯಿರಿ. ತೀರಾ ಬಿಗಿ ಮಾಡಿದರೆ ಗೇರ್‌ಬಾಕ್ಸಿನ ಬೇರಿಂಗ್‌ಗೆ ಪೆಟ್ಟು. ಸರಿಪಡಿಸುವಾಗ ಎರಡೂ ಬದಿಯ ಗುರುತು ಒಂದೇ ಸಮ ಇರಲಿ. ಡ್ರಮ್ ಬ್ರೇಕ್ ಇದ್ದರೆ ಚಕ್ರ ಸರಿಸಿದ ಮೇಲೆ ಪೆಡಲ್ಲಿನ ಆಟ ಬದಲಾಗಿರುತ್ತದೆ, ಅದನ್ನೂ ನೋಡಿ.

ಚೈನನ್ನು ಕ್ಲಿಪ್ಪಿನಿಂದ ಜೋಡಿಸಿದ್ದರೆ ಆ ಕ್ಲಿಪ್ಪಿಗೂ ತುಕ್ಕು ಹಿಡಿದಿದೆಯಾ ನೋಡಿ. ಅದರ ಮುಚ್ಚಿದ ತುದಿ ಚೈನ್ ಚಲಿಸುವ ದಿಕ್ಕಿಗೆ ಇರಬೇಕು. ತುಕ್ಕಿದ್ದರೆ ಉಜ್ಜಿ ಉಳಿಸಬೇಡಿ, ಬದಲಿಸಿ.

ಮತ್ತೆ ಬಾರದಂತೆ

ಒದ್ದೆ ರಸ್ತೆಯಲ್ಲಿ ಓಡಿಸಿದ ದಿನ ಬೈಕ್ ನಿಲ್ಲಿಸಿದ ಕೂಡಲೇ ಚೈನ್ ಒರೆಸಿ, ತೆಳುವಾಗಿ ಎಣ್ಣೆ ಹಾಕಿ. ಐದು ನಿಮಿಷದ ಕೆಲಸ. "ನಾಳೆ ಬೆಳಿಗ್ಗೆ ಮಾಡೋಣ" ಅಂದರೆ ಆಗಲೇ ತಡ. ಸಾಮಾನ್ಯವಾಗಿ 500ರಿಂದ 1000 ಕಿ.ಮೀ.ಗೆ ಒಮ್ಮೆ ಎಣ್ಣೆ ಹಾಕಿ ಎನ್ನುತ್ತಾರಲ್ವಾ, ಅದು ಒಣ ರಸ್ತೆಯ ಲೆಕ್ಕ. ಚಳಿಗಾಲದಲ್ಲಿ ಕಿಲೋಮೀಟರ್ ಎಣಿಸುವುದಕ್ಕಿಂತ ಒದ್ದೆಯಾದ ದಿನಗಳನ್ನು ಲೆಕ್ಕಕ್ಕಿಡಿ.

ದಪ್ಪಗೆ ಒಮ್ಮೆ ಬಳಿಯುವುದಕ್ಕಿಂತ ತೆಳುವಾಗಿ ಪದೇ ಪದೇ ಹಾಕುವುದೇ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ದಪ್ಪ ಪದರ ಧೂಳು ಹಿಡಿಯುತ್ತದೆ, ಬಿರುಕು ಬಿಟ್ಟ ಕಡೆ ನೀರು ಇಳಿಯುತ್ತದೆ. ಒಣಗಿ ಮೇಣದಂತೆ ಕೂರುವ ಲ್ಯೂಬ್ ಧೂಳಿನ ಬೇಸಿಗೆಗೆ ಚೆನ್ನ. ಒದ್ದೆ ಚಳಿಗೆ ನಾನು ಎಣ್ಣೆಯಾಗಿಯೇ ಉಳಿಯುವುದನ್ನು ಆರಿಸುತ್ತೇನೆ.

ಒದ್ದೆ ಬೈಕಿನ ಮೇಲೆ ಪ್ಲಾಸ್ಟಿಕ್ ಹೊದಿಸಬೇಡಿ. ಒಳಗಿನ ತೇವ ಹೊರಗೆ ಹೋಗದೆ ರಾತ್ರಿಯಿಡೀ ಚೈನ್ ಮೇಲೇ ಇರುತ್ತದೆ. ಗಾಳಿಯಾಡುವ ಕವರ್ ಇರಲಿ. ಹುಲ್ಲು ಅಥವಾ ಮಣ್ಣಿನ ನೆಲದ ಮೇಲೆ ನಿಲ್ಲಿಸುವವರು ಕೆಳಗೆ ಹಲಗೆ ಹಾಕಿ.

ವಾರಗಟ್ಟಲೆ ಓಡಿಸುವುದಿಲ್ಲ ಎಂದಾದರೆ ಏಳೂ ಹಂತ ಮುಗಿಸಿ, ಎಣ್ಣೆ ಮಾಮೂಲಿಗಿಂತ ಸ್ವಲ್ಪ ಜಾಸ್ತಿ ಹಾಕಿ, ಒರೆಸದೆ ಬಿಡಿ. ಆಗಾಗ ಚಕ್ರವನ್ನು ಕೈಯಿಂದ ಒಂದೆರಡು ಸುತ್ತು ತಿರುಗಿಸಿ ಬೇರೆ ಜಾಗದಲ್ಲಿ ನಿಲ್ಲಿಸಿ. ಇಲ್ಲದಿದ್ದರೆ ಸ್ಪ್ರಾಕೆಟ್ ಮೇಲೆ ಮಡಚಿ ಕೂತ ಕೊಂಡಿಗಳು ಹಾಗೇ ಬಿಗಿದುಕೊಳ್ಳಬಹುದು. ಮತ್ತೆ ರಸ್ತೆಗಿಳಿಯುವ ದಿನ ಆ ಎಣ್ಣೆ ಒರೆಸಿ ಹೊಸದಾಗಿ ಹಾಕಿ.

ಕೊನೆಗೆ ಚೈನ್ ಬದಲಿಸಲೇಬೇಕಾಗಿ ಬಂದರೆ ಎರಡೂ ಸ್ಪ್ರಾಕೆಟ್ ಜೊತೆಗೇ ಬದಲಿಸಿ. ಸವೆದ ಹಲ್ಲು ಹೊಸ ಚೈನನ್ನು ಬೇಗ ತಿನ್ನುತ್ತದೆ. ಹೊಸ ಚೈನ್ ಮೇಲೆ ಅಂಟಂಟಾದ ಗ್ರೀಸ್ ಇರುತ್ತದೆ. ನೋಡಲು ಗಲೀಜು ಎಂದು ಅದನ್ನು ಸೀಮೆಎಣ್ಣೆಯಲ್ಲಿ ತೊಳೆಯಬೇಡಿ. ಅದು ತುಕ್ಕು ತಡೆಯಲೆಂದೇ ಕಾರ್ಖಾನೆಯಲ್ಲಿ ಹಾಕಿದ್ದು. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಸಡಿಲವನ್ನು ಇನ್ನೊಮ್ಮೆ ನೋಡಿ, ಹೊಸ ಚೈನ್ ಶುರುವಿನಲ್ಲಿ ಸ್ವಲ್ಪ ಸಡಿಲ ಆಗಿಯೇ ಆಗುತ್ತದೆ.